ಗಂಡ-ಹೆಂಡಿರಲ್ಲದವರ ವಕೀಲೆ

ಇವರಿಬ್ಬರೂ ಗಂಡ-ಹೆಂಡತಿಯಲ್ಲ ಎಂದು ವಾದಿಸಲು ನೆವೆಂಕಾ ಪೆರ್ಕೊವಿಚ್ ವಿಚಾರಣೆಯ ಕೋಣೆಗೆ ಕಾಲಿಟ್ಟಾಗ, ಅವಳ ಎಡಕ್ಕಿದ್ದ ಸೆಮ್ಹಾರಳ ಕೋಟಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಮದುಮಗಳು’ ಎಂದೂ, ಬಲಕ್ಕಿದ್ದ ಲಾಯೋಶನ ಕೋಟಿನ ಮೇಲೆ ‘ಮದುಮಗ’ ಎಂದೂ ಬರೆದ ಚೀಟಿ ಅಂಟಿತ್ತು. ನಡುವೆ ನಿಂತ ನೆವೆಂಕಾಳ ಎದೆಯ ಮೇಲೆ ‘ಮದುಮಗಳ ತಾಯಿ.’

ತಪ್ಪು ಪೂರ್ತಿ ಯಾರದೂ ಅಲ್ಲ. ಆ ವರ್ಷ ವೆಲ್ಫೇರ್ ಎಂಬ ಸರ್ಕಾರಿ ಭತ್ಯೆಯ ವ್ಯಾಜ್ಯಗಳ ಟ್ರಿಬ್ಯುನಲ್ ಕೆನಡಾದ ಹ್ಯಾಮಿಲ್ಟನ್ ಪೇಟೆಯ ನಡುವಿನ ಹೋಟೆಲೊಂದರಲ್ಲಿ ಕೋಣೆ ಹಿಡಿದು ಕೂರುತ್ತಿತ್ತು. ಪಕ್ಕದ ದೊಡ್ಡ ಹಾಲಿನಲ್ಲಿ ಮದುವೆ ಸಾಮಾನಿನ ಪ್ರದರ್ಶನ. ಅದರ ಬಾಗಿಲಲ್ಲಿ ನಿಂತಿದ್ದ ಹುಡುಗಿ, ಗಾಬರಿ ಮುಖ ಹೊತ್ತು ಓಡಿ ಬರುತ್ತಿದ್ದ ಮೂವರನ್ನು ಕಂಡು, ಇಷ್ಟೊಂದು ಗಾಬರಿ ಮದುವೆಯವರಿಗೆ ಬಿಟ್ಟು ಇನ್ಯಾರಿಗೆ ಎಂದುಕೊಂಡು ನಗುನಗುತ್ತಾ ಮೂವರಿಗೂ ಒಂದೊಂದು ಚೀಟಿ ಅಂಟಿಸಿಬಿಟ್ಟಳು. ನೆವೆಂಕಾಳ ಎರಡೂ ಕೈಯಲ್ಲಿ ಫೈಲು, ಕನ್ನಡಕ ತಲೆಯ ಮೇಲೆ. ಲಾಯೋಶನಿಗೆ ಇಂಗ್ಲಿಷ್ ಓದಲು ಬಾರದು. ಸೆಮ್ಹಾರ್ ಓದಿದಳು, ಓದಿಯೂ ಸುಮ್ಮನಿದ್ದಳು. ನಿರಾಶ್ರಿತಳೆಂದು ಅರ್ಜಿ ಹಾಕಿದಂದಿನಿಂದ ಕೆನಡಾ ಅವಳಿಗೆ ಅಂಟಿಸಿದ ಹೆಸರುಗಳು ಒಂದೆರಡಲ್ಲ. ಒಂದು ಆಫೀಸಿನಲ್ಲಿ ಅರ್ಜಿದಾರಳು, ಇನ್ನೊಂದರಲ್ಲಿ ಫಲಾನುಭವಿ, ಮತ್ತೊಂದರಲ್ಲಿ ಮೇಲ್ಮನವಿದಾರಳು. ಇದೂ ಒಂದಿರಬೇಕು, ಇದಿಲ್ಲದೆ ಒಳಗೆ ಬಿಡುವುದಿಲ್ಲವೇನೋ ಎಂದುಕೊಂಡಳು. ಬಾಗಿಲಲ್ಲಿ ಏನು ಅಂಟಿಸಿದರೂ ಅಂಟಿಸಿಕೊಂಡು ಒಳಗೆ ಹೋಗುವುದು, ಹೊರಗೆ ಬರುವ ತನಕ ಅದನ್ನು ಕೀಳದಿರುವುದು, ಇದು ನಿರಾಶ್ರಿತರು ಕಲಿಯುವ ಮೊದಲ ಪಾಠ.

ತೀರ್ಪು ಕೊಡಲು ಮೇಜಿನ ಹಿಂದೆ ಕೂತಿದ್ದ ಮಿಸೆಸ್ ಹ್ಯಾಲೊರನ್ ಮೂವರನ್ನೂ ಎಡದಿಂದ ಬಲಕ್ಕೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಮಿಸ್ ಪೆರ್ಕೊವಿಚ್, ವಾದ ಏನಾದ್ರೂ ಬದಲಾಯಿಸಿದ್ರಾ?”

ನೆವೆಂಕಾ ಬಗ್ಗಿ ತನ್ನ ಎದೆ ನೋಡಿಕೊಂಡಳು. ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಎದುರುಗಡೆ ವೆಲ್ಫೇರ್ ಆಫೀಸಿನ ಪರವಾಗಿ ಬಂದಿದ್ದ ಟ್ರೆವರ್ ಎಂಬ ಯುವಕ, ಸಾಕ್ಷ್ಯ ತಾನಾಗಿಯೇ ನಡೆದು ಬಂದ ಸಂತೋಷಕ್ಕೆ ಪೆನ್ನು ಕಚ್ಚಿಕೊಂಡು ಕೂತಿದ್ದ.

“ಇಲ್ಲ ಮೇಡಂ,” ಎಂದಳು ನೆವೆಂಕಾ, ಚೀಟಿಯ ಜೊತೆಗೆ ಸ್ವೆಟರಿನ ಉಣ್ಣೆಯನ್ನೂ ಕಿತ್ತು ತೆಗೆಯುತ್ತಾ. “ಇದು ಪಕ್ಕದ ಹಾಲಿನವರ ಅಭಿಪ್ರಾಯ. ನಮ್ದಲ್ಲ.”

ನೆವೆಂಕಾಳ ಹೆಸರಿನಲ್ಲೇ ಒಂದು ನೆವವಿದೆ. ಆದರೆ ಕೆಲಸಕ್ಕೆ ನೆವ ಹೇಳಿದವಳಲ್ಲ. ಅಪ್ಪ ಕ್ರೊಯೇಷಿಯಾದಿಂದ ಬಂದು ಹ್ಯಾಮಿಲ್ಟನ್ನಿನ ಉಕ್ಕಿನ ಕಾರ್ಖಾನೆ ಸೇರಿದ. ಅಮ್ಮ ಬ್ಯಾಂಕುಗಳ ನೆಲ ಒರೆಸುತ್ತಿದ್ದಳು. ಅದೇ ಬ್ಯಾಂಕಿನ ಕೌಂಟರಿನ ಮುಂದೆ ನಿಂತರೆ ಮಾತ್ರ ಇಂಗ್ಲಿಷ್ ಬಾರದೆ ಬಾಯಿ ಕಟ್ಟಿಹೋಗುತ್ತಿತ್ತು. ಹಾಗಾಗಿ ಮೂಗು ಕೌಂಟರಿಗೆ ಎಟಕುವ ಮೊದಲೇ ನೆವೆಂಕಾಳ ವಕಾಲತ್ತು ಶುರುವಾಯಿತು. ಅಮ್ಮ ಒಂದು ವಾಕ್ಯ ಹೇಳಿದರೆ ಮಗಳು ಮೂರು ಹೇಳುತ್ತಿದ್ದಳು. “ಅಮ್ಮ ಏನಂದ್ರು?” ಎಂದು ಕೌಂಟರಿನವರು ಕೇಳಿದರೆ, “ಈ ಉತ್ತರ ಅವ್ರಿಗೆ ಸಾಲದಂತೆ,” ಎನ್ನುತ್ತಿದ್ದಳು. ಅಮ್ಮ ಪಾಪ “ಹೂಂ, ಸರಿ” ಎಂದಷ್ಟೇ ಅಂದಿರುತ್ತಿದ್ದಳು.

ದೊಡ್ಡವಳಾಗಿ ಕಾನೂನು ಓದಿದ ಮೇಲೂ ಅವಳ ಆಫೀಸು ಕೌಂಟರಿನಿಂದ ಬಹಳ ದೂರ ಹೋಗಲಿಲ್ಲ. ಬಾರ್ಟನ್ ಬೀದಿಯಲ್ಲಿ, ಒಂದು ಕಡೆ ಡೋನಟ್ ಅಂಗಡಿ, ಇನ್ನೊಂದು ಕಡೆ ಬಟ್ಟೆ ಒಗೆಯುವ ಅಂಗಡಿ, ನಡುವೆ ಇವಳ ಉಚಿತ ಕಾನೂನು ಕೇಂದ್ರ. ಒಂದು ಗೋಡೆ ಸದಾ ಸಿಹಿ, ಇನ್ನೊಂದು ಸದಾ ಬಿಸಿ. ಬರುವವರೆಲ್ಲ ನಿರಾಶ್ರಿತ ಅರ್ಜಿ ಹಾಕಿ, ಅದರ ವಿಚಾರಣೆಗಾಗಿ ವರ್ಷಗಟ್ಟಲೆ ಕಾಯುತ್ತಿರುವವರು. ಕಾಯುವವರಿಗೂ ಹೊಟ್ಟೆಯಿದೆ, ಬಾಡಿಗೆಯಿದೆ, ಚಳಿಯಿದೆ. ಅದಕ್ಕೆ ಸರ್ಕಾರ ಕೊಡುವ ವೆಲ್ಫೇರ್ ಒಂದು ಕೈಯಿಂದ ಬರುತ್ತದೆ, ಇನ್ನೊಂದು ಕೈಯಿಂದ ಹೋಗುತ್ತದೆ. ಆ ಇನ್ನೊಂದು ಕೈಯನ್ನು ಹಿಡಿದು ಜಗ್ಗುವುದೇ ನೆವೆಂಕಾಳ ಕಸುಬು. ವೈಭವದ ಕಸುಬಲ್ಲ. ಕೊಲೆ ಕೇಸಿನ ವಕೀಲರು ಪಾರ್ಟಿಗಳಲ್ಲಿ ಕಥೆ ಹೇಳುತ್ತಾರೆ; ಇವಳು “ಡಯಾಬಿಟಿಸ್ ಇರೋರಿಗೆ ಊಟದ ಭತ್ಯೆ” ಎಂದು ಶುರುಮಾಡಿದರೆ ಜನ ಬಟ್ಟಲು ತುಂಬಿಸಿಕೊಳ್ಳುವ ನೆಪದಲ್ಲಿ ಎದ್ದು ಹೋಗುತ್ತಾರೆ. ಅವಳನ್ನು ಮದುವೆಯಾಗಿದ್ದ ಇವೋ ಎಂಬವನು ಕೂಡ ಹಾಗೇ ಬಟ್ಟಲು ತುಂಬಿಸಿಕೊಳ್ಳಲು ಎದ್ದು ಹೋದವನು, ಮರಳಿ ಬರಲಿಲ್ಲ.

ಲಾಯೋಶ್ ರೋಸ್ತಾಶ್ ಹಂಗೇರಿಯ ರೋಮಾ ಎಂಬ ಅಲೆಮಾರಿ ಮೂಲದ ಜನದವನು. ಮಿಶ್ಕೋಲ್ಟ್ಸ್ ಊರಿನಲ್ಲಿ ಛಾವಣಿ ಹೊದಿಸುತ್ತಿದ್ದ. ಆ ಜನರನ್ನು ಕಂಡರಾಗದ ಬೋಳು ತಲೆಯ ಪುಂಡರು ಒಮ್ಮೆ ಅವನ ಸ್ವಂತ ಛಾವಣಿಗೇ ಬೆಂಕಿ ಇಟ್ಟ ಮೇಲೆ, ಸವೆದ ಎರಡು ಮೊಣಕಾಲುಗಳ ಸಮೇತ ಇಲ್ಲಿಗೆ ಬಂದ. ಅವನ ದೇಶದಲ್ಲಿ ವಕೀಲರನ್ನೂ ಡಾಕ್ಟರೆಂದೇ ಕರೆಯುವುದು. ಹಾಗಾಗಿ ನೆವೆಂಕಾ ಅವನಿಗೆ ‘ಡಾಕ್ಟ್ರಮ್ಮ.’ ಕಾನೂನು ಕೇಂದ್ರದಲ್ಲಿ ಕಾಯುತ್ತಾ ಕೂತ ಮುದುಕಿಯೊಬ್ಬಳು ಅದನ್ನು ಕೇಳಿಸಿಕೊಂಡು, ಸರದಿ ಬಂದಾಗ ನೆವೆಂಕಾಳಿಗೆ ನಾಲಿಗೆ ತೋರಿಸಿದ್ದೂ ಉಂಟು.

ಸೆಮ್ಹಾರ್ ಆಫ್ರಿಕಾದ ಎರಿಟ್ರಿಯಾದವಳು. ಗಂಡ ಕಿಬ್ರೋಮ್ ದೇಶ ಬಿಟ್ಟು ಉಗಾಂಡಾದ ಕಂಪಾಲಾದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡು, ಇವಳು ಕರೆಸಿಕೊಳ್ಳುವ ದಿನಕ್ಕೆ ಕಾಯುತ್ತಿದ್ದ. ಇಬ್ಬರಿಗೆ ಆಗುವಷ್ಟು ದುಡ್ಡು ಕೂಡಿರಲಿಲ್ಲ, ಒಬ್ಬಳೇ ಹಾರಿ ಬಂದಳು. ಹ್ಯಾಮಿಲ್ಟನ್ನಿನ ಬಾಡಿಗೆ ನೋಡಿದ ಮೇಲೆ ಒಬ್ಬಳೇ ಇರುವುದು ಸಾಧ್ಯವಿಲ್ಲವೆಂದು ಗೊತ್ತಾಯಿತು. ನಿರಾಶ್ರಿತರ ತಂಗುದಾಣದಲ್ಲಿ ಪರಿಚಯವಾದ ಲಾಯೋಶನಿಗೂ ಅದೇ ಜ್ಞಾನೋದಯ. ಇಬ್ಬರೂ ಸೇರಿ ಎರಡು ಮಲಗುವ ಕೋಣೆಯ ಮನೆ ಹಿಡಿದರು. ಅವಳು ಅವನನ್ನು ‘ಲಾಯೋಶ್ ಮಾಮ’ ಎನ್ನುತ್ತಾಳೆ. ಸೋದರಮಾವನನ್ನೇ ಮದುವೆಯಾಗುವ ನಮ್ಮ ಸೀಮೆಯಲ್ಲಿ ಇದು ಸಾಕ್ಷಿಯಾಗಿ ನಿಲ್ಲುವುದಿಲ್ಲ ನಿಜ, ಒಂಟಾರಿಯೋದಲ್ಲೂ ನಿಲ್ಲಲಿಲ್ಲ.

ಏಕೆಂದರೆ ಅಲ್ಲಿ ಒಂದು ನಿಯಮವಿದೆ. ಗಂಡು-ಹೆಣ್ಣು ಮೂರು ತಿಂಗಳು ಒಂದೇ ಸೂರಿನಡಿ ಇದ್ದರೆ, ಇವರು ದಂಪತಿಯೇ ಇರಬಹುದೆಂದು ವೆಲ್ಫೇರ್ ಆಫೀಸಿಗೆ ಅನುಮಾನ ಬರಲು ಅಡ್ಡಿಯಿಲ್ಲ. ನಾವು ಯಾವುದನ್ನು ಸಹವಾಸ ದೋಷ ಎನ್ನುತ್ತೇವೋ ಅದನ್ನೇ ಅವರು ಕಾಯಿದೆ ಮಾಡಿಕೊಂಡಿದ್ದಾರೆ. ಒಂದು ದಿನ ಮನೆ ನೋಡಲು ಬಂದ ಅಧಿಕಾರಿಗೆ ಬಾಗಿಲು ತೆಗೆದವನು ಲಾಯೋಶ್, ಸೊಂಟಕ್ಕೆ ಸೆಮ್ಹಾರಳ ಹೂವಿನ ಏಪ್ರನ್ ಕಟ್ಟಿಕೊಂಡು.

“ಸೆಮ್ಹಾರ್ ಇದಾರಾ?”

“ಜ್ವರ. ಮಲಗಿದಾಳೆ. ಸೂಪು ಮಾಡ್ತಿದೀನಿ. ಮೆಲ್ಲಗೆ ಮಾತಾಡಿ.”

ಆ ‘ಮೆಲ್ಲಗೆ ಮಾತಾಡಿ’ ಎಂಬುದೇ ಮುಳುವಾಯಿತು. ಅಷ್ಟೊಂದು ಅಕ್ಕರೆ ಬರೀ ಬಾಡಿಗೆ ಹಂಚಿಕೊಳ್ಳುವವರಲ್ಲಿ ಇರಲಾರದೆಂದು ಆಫೀಸು ತೀರ್ಮಾನಿಸಿ, ಇಬ್ಬರನ್ನೂ ಗಂಡ-ಹೆಂಡತಿಯೆಂದು ಘೋಷಿಸಿತು. ಪುರೋಹಿತರಿಲ್ಲ, ಪಾದ್ರಿಯಿಲ್ಲ, ಅಂಚೆಯಲ್ಲೇ ಮದುವೆ.

ಇಬ್ಬರಿಗೂ ಬೇರೆ ಬೇರೆಯಾಗಿ ಬರುತ್ತಿದ್ದ ದುಡ್ಡು ದಂಪತಿಯ ಒಂದೇ ಲೆಕ್ಕಕ್ಕೆ ಸೇರಿ ಕಡಿತವಾದದ್ದು ಸೆಮ್ಹಾರಳಿಗೆ ದೊಡ್ಡದಾಗಿ ಕಾಣಲಿಲ್ಲ. ಮೊದಲ ಸಲ ನೆವೆಂಕಾಳ ಎದುರು ಕೂತಾಗ ಅವಳು ಕೇಳಿದ್ದು ಒಂದೇ.

“ಅಕ್ಕಾ, ನಾಳೆ ನನ್ನ ನಿರಾಶ್ರಿತ ಅರ್ಜಿ ಒಪ್ಕೊಂಡ್ರು ಅಂತಿಟ್ಕೊಳ್ಳಿ. ನನ್ನ ಗಂಡನ್ನ ಕರೆಸ್ಕೋತೀನಿ ಅಂತ ಬರೀತೀನಿ. ಆಗ ಅವ್ರು, ‘ನಿನ್ನ ಗಂಡ ಆಗ್ಲೇ ಇಲ್ಲೇ ಇದಾನಲ್ಲಮ್ಮ, ಲಾಯೋಶ್’ ಅಂದ್ರೆ?”

ಅದು ಬೇರೆ ಕಾನೂನು, ಇದು ಬೇರೆ ಕಾನೂನು ಎಂದು ನೆವೆಂಕಾ ಹೇಳಬಹುದಿತ್ತು. ಹೇಳಿದಳು ಕೂಡ. ಆದರೆ ಒಂದು ಆಫೀಸಿನ ತಪ್ಪು ಇನ್ನೊಂದು ಆಫೀಸಿನಲ್ಲಿ ಆಧಾರವಾಗುವುದನ್ನು ಅವಳು ಬೇಕಾದಷ್ಟು ಸಲ ಕಂಡಿದ್ದಳು. ಈ ಹಾಳು ತೀರ್ಮಾನ ಉಳಿಯಬಾರದು. ಉಳಿದರೆ ಕಂಪಾಲಾದವನು ಅಲ್ಲೇ ಉಳಿಯಬೇಕಾದೀತು.

ಹೀಗಾಗಿ ಇಬ್ಬರನ್ನೂ ಕೂರಿಸಿಕೊಂಡು ಟ್ರಿಬ್ಯುನಲ್ಲಿನಲ್ಲಿ ಕೇಳುವ ಪ್ರಶ್ನೆಗಳನ್ನು ವಿವರಿಸಿದಳು. ಒಟ್ಟಿಗೆ ಉಣ್ಣುತ್ತೀರಾ? ಹುಷಾರಿಲ್ಲದಾಗ ನೋಡಿಕೊಳ್ಳುತ್ತೀರಾ? ಒಬ್ಬರ ಇಷ್ಟಾನಿಷ್ಟ ಇನ್ನೊಬ್ಬರಿಗೆ ಗೊತ್ತಾ? ರಜೆಯ ದಿನ ಹೇಗೆ ಕಳೆಯುತ್ತೀರಿ? ವಿವರಿಸುತ್ತಿದ್ದಂತೆ ಅವಳಿಗೇ ನಗು ಬಂತು. ಇದೇ ಪ್ರಶ್ನೆಗಳನ್ನು ತನಗೂ ಇವೋಗೂ ಕೇಳಿದ್ದರೆ, ಇವರಿಬ್ಬರೂ ಮದುವೆಯಾದವರೆಂದು ಯಾವ ಸರ್ಕಾರಕ್ಕೂ ರುಜುವಾತು ಮಾಡಲಾಗುತ್ತಿರಲಿಲ್ಲ.

ಲಾಯೋಶ್ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ ಮನೆಗೆ ಹೋದ. ಒಳ್ಳೆಯತನವೇ ಅಪರಾಧವೆಂದು ಅವನಿಗೆ ಅರ್ಥವಾಗಿತ್ತು. ಛಾವಣಿಯವನ ಕೈ, ಅಳತೆಗೆ ತಪ್ಪದು. ಪೇಂಟರುಗಳು ಬಳಸುವ ನೀಲಿ ಟೇಪು ತಂದು ಅಡುಗೆಮನೆಯ ನೆಲವನ್ನು ಎರಡು ಭಾಗ ಮಾಡಿದ. ಫ್ರಿಜ್ಜಿನೊಳಗೆ ಟೇಪು, ಸೋಫಾ ಮೇಲೆ ಟೇಪು, ಕೊನೆಗೆ ಸಾಬೂನಿನ ಮೇಲೂ ಟೇಪು. ಸೆಮ್ಹಾರ್ “ಗುಡ್ ಮಾರ್ನಿಂಗ್ ಮಾಮ” ಎಂದರೆ, “ಕಾನೂನು ಪ್ರಕಾರ ನಾನು ಉತ್ತರ ಕೊಡಂಗಿಲ್ಲ,” ಎಂದು ಉತ್ತರ ಕೊಡುತ್ತಿದ್ದ.

ಒಂದು ಮಧ್ಯಾಹ್ನ ನೆವೆಂಕಾ ಡೋನಟ್ಟಿಗೆ ಬಾಯಿ ಹಾಕುವ ಹೊತ್ತಿಗೆ ಫೋನು ಬಂತು.

“ಡಾಕ್ಟ್ರಮ್ಮ! ಸೆಮ್ಹಾರ್ ಬಿದ್ಬಿಟ್ಲು! ಅಡುಗೆಮನೇಲಿ ಎಣ್ಣೆ ಮೇಲೆ ಜಾರಿ!”

“ಅಯ್ಯೋ, ಎತ್ತಿದ್ರಾ?”

“ಅದನ್ನ ಕೇಳೋಕೇ ಫೋನ್ ಮಾಡಿದ್ದು. ಅವಳು ಅವಳ ಕಡೆ ಬಿದ್ದಿದಾಳೆ. ನಾನು ಗೆರೆ ಈ ಕಡೆ ನಿಂತಿದೀನಿ. ದಾಟ್ಬಹುದಾ?”

“ರೀ ಲಾಯೋಶ್! ದಾಟ್ರೀ!”

“ಆಮೇಲೆ ಕೇಸ್ ಸೋತ್ರೆ ನನ್ನ ಬೈಬಾರ್ದು.”

ಹಿಂದಿನಿಂದ ಸೆಮ್ಹಾರಳ ದನಿ ಕೇಳಿಸುತ್ತಿತ್ತು: “ಅಕ್ಕಾ, ಈ ಮಾಮಂಗೆ ತಲೆ ಕೆಟ್ಟಿದೆ! ನಾನು ನೆಲದ ಮೇಲಿದೀನಿ, ಇವ್ರು ಪರ್ಮಿಷನ್ ಕೇಳ್ತಿದಾರೆ!”

ನೆವೆಂಕಾ ಹೋಗಿ ನೋಡಿದಾಗ ಸೆಮ್ಹಾರಳ ಕಾಲು ಊದಿತ್ತು. ಪಕ್ಕದಲ್ಲಿ ಲಾಯೋಶ್ ಐಸು ಹಿಡಿದು, ಮುಖ ಬೇರೆ ಕಡೆ ತಿರುಗಿಸಿ ಕೂತಿದ್ದ. ಕಣ್ಣು ಮಾತ್ರ ಕೆಂಪಾಗಿತ್ತು. ನೆವೆಂಕಾ ಮಂಡಿಯೂರಿ ನೆಲದ ಟೇಪು ಕಿತ್ತಳು. ಬಾಗಿಲಿಂದ ಒಲೆಯವರೆಗೆ ಒಂದೇ ಎಳೆತಕ್ಕೆ ಕಿತ್ತು ಬಂತು, ಪಾಯಸದ ಶಾವಿಗೆಯ ಹಾಗೆ.

“ಕೇಳಿ ಇಬ್ರೂ. ಅಲ್ಲಿ ಹೋಗಿ ಇರೋದನ್ನ ಇರೋ ಹಾಗೇ ಹೇಳ್ತೀವಿ. ಸೂಪು ಮಾಡಿದ್ರೆ ಸೂಪು ಮಾಡ್ದೆ ಅನ್ನಿ. ಕೆಟ್ಟೋರಾಗಿ ಗೆಲ್ಲೋ ಕೇಸು ನಂಗೆ ಬೇಡ.”

“ಸೋತ್ರೆ ಅಕ್ಕಾ?”

ನೆವೆಂಕಾ ಟೇಪನ್ನು ಉಂಡೆ ಮಾಡಿ ಕೋಟಿನ ಜೇಬಿಗೆ ತುರುಕಿಕೊಂಡು ಹೊರಟಳು.

ಇರುವುದನ್ನು ಇರುವ ಹಾಗೇ ಹೇಳಿದರೆ ಏನಾಗುತ್ತದೆಂದು ಹೋಟೆಲಿನ ಆ ಕೋಣೆಯಲ್ಲಿ ಚೀಟಿಗಳನ್ನೆಲ್ಲ ಕಿತ್ತ ಮೇಲೆ ಗೊತ್ತಾಯಿತು. ಟ್ರೆವರ್ ಕೋಟು ಸರಿಮಾಡಿಕೊಂಡು ಎದ್ದ.

“ಮಿಸ್ಟರ್ ರೋಸ್ತಾಶ್, ಸೆಮ್ಹಾರ್‌ಗೆ ಹುಷಾರಿಲ್ದಿದ್ರೆ ಯಾರು ನೋಡ್ಕೋತಾರೆ?”

“ನಾನು. ಇನ್ಯಾರು, ನೀವು ಬರ್ತೀರಾ?”

“ಊಟ ಒಟ್ಟಿಗೇ ಮಾಡ್ತೀರಾ?”

“ಹೂಂ. ಒಬ್ನೇ ತಿಂದ್ರೆ ಮೈಗೆ ಹತ್ತಲ್ಲ.”

“ನೀವು ತಗೊಳ್ಳೋ ಮಾತ್ರೆ ಯಾವ್ದು ಅಂತ ಅವ್ರಿಗೆ ಗೊತ್ತಿದ್ಯಾ?”

ಲಾಯೋಶ್ ಬಾಯಿ ತೆರೆಯುವ ಮೊದಲೇ ಸೆಮ್ಹಾರ್ ಪಕ್ಕದಿಂದ ಹೇಳಿಬಿಟ್ಟಳು: “ಬೆಳಿಗ್ಗೆ ಬಿಳೀದು, ಸಂಜೆ ಹಳದೀದು ಅರ್ಧ. ನಾನು ಎದುರಿಗೆ ನಿಂತ್ಕೊಳ್ಳಿಲ್ಲ ಅಂದ್ರೆ ಹೂಕುಂಡಕ್ಕೆ ಹಾಕ್ತಾರೆ!”

“ಅದು ಒಂದ್ಸಲ!” ಎಂದ ಲಾಯೋಶ್.

“ಎರಡ್ಸಲ! ಮತ್ತೆ ಮಫ್ಲರ್ ಸರಿಯಾಗಿ ಸುತ್ಕೊಳ್ಳಿ, ಇಲ್ಲಿ ಚಳಿ ಇದೆ,” ಎಂದು ಅವಳೇ ಬಗ್ಗಿ ಸುತ್ತಿದಳು.

ಸರಿಯಾಗಿ ಆ ಗಳಿಗೆಗೆ ಪಕ್ಕದ ಹಾಲಿನಲ್ಲಿ ಬ್ಯಾಂಡಿನವರು ಮದುವೆ ಮೆರವಣಿಗೆಯ ರಾಗ ನುಡಿಸಲು ಶುರುಮಾಡಿದರು. ಗೋಡೆ ಮಡಿಸುವ ಹಲಗೆಯದು; ಕೊಳಲೂ ಡೊಳ್ಳೂ ಸಲೀಸಾಗಿ ಒಳಗೆ ಬಂದವು. ಟ್ರೆವರ್ ಏನೂ ಹೇಳದೆ ಸಂಗೀತ ಬಂದ ಕಡೆಗೆ ಕೈ ತೋರಿಸಿ ಕೂತುಬಿಟ್ಟ. ವಕೀಲರಿಗೆ ಇಷ್ಟು ಚೆಂದದ ಮೌನ ಬದುಕಿನಲ್ಲಿ ಒಮ್ಮೆ ಸಿಕ್ಕಿದರೆ ಪುಣ್ಯ. ನೆವೆಂಕಾ ಜೇಬಿಗೆ ಕೈ ಹಾಕಿದಳು. ಒಳಗೆ ಅಂಟಂಟು ಉಂಡೆ ಸಿಕ್ಕಿತು. ಅದನ್ನೇ ಹಿಸುಕುತ್ತಾ ಕೂತಳು.

ಮಿಸೆಸ್ ಹ್ಯಾಲೊರನ್ ಬ್ಯಾಂಡು ನಿಲ್ಲುವ ತನಕ ಕಾದರು. ಪಟ್ಟಿಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಕೇಳುವಾಗ ಅವರ ದನಿಯಲ್ಲಿ ಆಗಲೇ ತೀರ್ಪಿನ ಸುಸ್ತಿತ್ತು.

“ಭಾನುವಾರ ಏನ್ ಮಾಡ್ತೀರಿ, ಮಿಸ್ಟರ್ ರೋಸ್ತಾಶ್?”

“ಭಾನುವಾರ ನಂಗೆ ಪುರುಸೊತ್ತೇ ಇರಲ್ಲ ತಾಯಿ. ಕಿಬ್ರೋಮ್ ಇರ್ತಾನೆ.”

“ಕಿಬ್ರೋಮ್ ಯಾರು?”

“ಇವಳ ಗಂಡ.”

ನೆವೆಂಕಾ ಉಂಡೆ ಹಿಸುಕುವುದನ್ನು ನಿಲ್ಲಿಸಿದಳು. ಈ ಸಂಗತಿ ಅವಳಿಗೂ ಹೊಸದು. ಪಟ್ಟಿಯ ಪ್ರಶ್ನೆಗಳೆಲ್ಲ ಈ ಇಬ್ಬರ ಬಗ್ಗೆಯೇ ಇದ್ದದ್ದರಿಂದ ಮೂರನೆಯವನ ಬಗ್ಗೆ ಕೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

“ಅಂದ್ರೆ, ಅವ್ರು ಕಂಪಾಲಾದಲ್ಲಿದಾರಲ್ವಾ?” ಎಂದರು ಮಿಸೆಸ್ ಹ್ಯಾಲೊರನ್.

“ಅವ್ನು ಕಂಪಾಲಾದಲ್ಲಿ, ಅವನ ಆನೆ-ಕುದುರೆ ನಮ್ಮನೇ ಅಡುಗೆಮನೇಲಿ. ಫೋನಲ್ಲಿ ಚದುರಂಗ ಆಡ್ತೀವಿ. ಅವ್ನು ನಡೆ ಹೇಳ್ತಾನೆ, ಅವನ ಕಾಯೂ ನಾನೇ ಸರಿಸ್ಬೇಕು. ಬರೀ ಮೋಸ ತಾಯಿ! ಮಂತ್ರಿ ಹೋಯ್ತು ಅಂದ್ರೆ ‘ಫೋನ್ ಕಟ್ ಆಗಿತ್ತು ಮಾಮ, ನಾನು ಹಾಗೆ ಹೇಳೇ ಇಲ್ಲ’ ಅಂತಾನೆ. ಇಂಥವನ್ನ ನೀವು ಈ ದೇಶಕ್ಕೆ ಬೇಗ ಕರೆಸ್ಕೋಬೇಕು. ಎದುರು ಕೂರಿಸ್ಕೊಂಡು ಸೋಲಿಸ್ಬೇಕು ನಂಗೆ.”

“ಎಷ್ಟೊತ್ತು ಆಡ್ತೀರಿ?”

ಈಗ ಸೆಮ್ಹಾರ್ ಎದ್ದೇ ನಿಂತಳು. ಟ್ರಿಬ್ಯುನಲ್ಲಿನಲ್ಲಿ ಹಾಗೆ ಏಳಬಾರದು. ಆದರೆ ತಿಂಗಳುಗಟ್ಟಲೆ ನುಂಗಿಕೊಂಡದ್ದು ಗಂಟಲಿಗೆ ಬಂದಿತ್ತು.

“ನಾನು ಹೇಳ್ತೀನಿ ಮೇಡಂ! ವಾರಕ್ಕೊಂದೇ ಫೋನು. ನನ್ನ ಗಂಡ ನನ್ ಜೊತೆ ಮಾತಾಡೋದು ‘ಊಟ ಆಯ್ತಾ, ಚಳಿ ಇದ್ಯಾ’ ಅಷ್ಟೇ. ಆಮೇಲೆ ‘ಮಾಮಂಗೆ ಕೊಡು’ ಅಂತಾರೆ. ಇವ್ರಿಬ್ರೂ ಫೋನಿನ ದುಡ್ಡು ಮುಗಿಯೋ ತನಕ ಆಡ್ತಾರೆ. ಮದುವೆಯಾದದ್ದು ನಾನಾ, ಇವ್ರಾ? ನೀವು ಯಾರನ್ನಾದ್ರೂ ಗಂಡ-ಹೆಂಡತಿ ಅಂತ ಬರೀಬೇಕಂದ್ರೆ ಇವ್ರಿಬ್ರನ್ನ ಬರ್ಕೊಳ್ಳಿ, ನನ್ನ ಯಾಕೆ ಎಳೀತೀರಾ!” ಇಷ್ಟು ಹೇಳಿ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಅಳುವಿನ ನಡುವೆ ಅವಳ ಭಾಷೆಯಲ್ಲಿ ಒಂದೇ ಹೆಸರು ಕೇಳಿಸುತ್ತಿತ್ತು. ಅದು ಲಾಯೋಶನದಲ್ಲ.

ಲಾಯೋಶ್ ಅವಳ ಬೆನ್ನು ತಟ್ಟಲು ಕೈ ಎತ್ತಿದ. ಸಾಕ್ಷಿಯಾದೀತೆಂದು ಭಯವಾಗಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನೆವೆಂಕಾಳ ಕಡೆ ನೋಡಿದ. “ತಟ್ರೀ,” ಎಂದಳು ನೆವೆಂಕಾ.

ಮಿಸೆಸ್ ಹ್ಯಾಲೊರನ್ ಸ್ವಲ್ಪ ವಿರಾಮ ಎಂದು ಹೇಳಿ ಬೇಗ ಬೇಗ ಹೊರಗೆ ಹೋದರು. ಬಾಗಿಲು ಮುಚ್ಚಿದ ಮೇಲೆ ಆ ಕಡೆಯಿಂದ ಕೇಳಿಸಿದ್ದು ಕೆಮ್ಮೋ ನಗುವೋ ಎಂದು ಟ್ರೆವರ್‌ಗೂ ನೆವೆಂಕಾಳಿಗೂ ಈಗಲೂ ಭಿನ್ನಾಭಿಪ್ರಾಯವಿದೆ. ಮರಳಿ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು, ಮುಖ ಕಲ್ಲಾಗಿತ್ತು.

“ಮೇಡಂ, ಗಂಡನಿಗೆ ವಿಷಯ ಗೊತ್ತು ಅಂದ ಮಾತ್ರಕ್ಕೆ...” ಎಂದು ಟ್ರೆವರ್ ಎದ್ದ.

“ಟ್ರೆವರ್, ಕೂತ್ಕೊಳ್ಳಿ,” ಎಂದರು ಅವರು.

ತೀರ್ಪು ಬಂದದ್ದು ಹಿಮ ಕರಗಿ ಬಾರ್ಟನ್ ಬೀದಿಯಲ್ಲಿ ಕಳೆದುಹೋದ ಕೈಗವಸುಗಳೆಲ್ಲ ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ. ಅಂಚೆಯಲ್ಲಿ ಆದ ಮದುವೆ ಅಂಚೆಯಲ್ಲೇ ಮುರಿಯಿತು. ಇಬ್ಬರೂ ಸಂಗಾತಿಗಳಲ್ಲ, ಇಬ್ಬರದೂ ಬೇರೆ ಬೇರೆ ಲೆಕ್ಕ, ಹಿಡಿದಿಟ್ಟದ್ದನ್ನೆಲ್ಲ ಹಿಂದಿರುಗಿಸತಕ್ಕದ್ದು. ಲಾಯೋಶ್ ಕಾನೂನು ಕೇಂದ್ರಕ್ಕೇ ಬಂದು, “ಡಾಕ್ಟ್ರಮ್ಮ, ನಂಗೆ ಡೈವೋರ್ಸ್ ಆಯ್ತು!” ಎಂದು ಕೂಗಿದ ರಭಸಕ್ಕೆ ಬಟ್ಟೆ ಒಗೆಯುವ ಅಂಗಡಿಯವರು ಬಂದು ಸಮಾಧಾನ ಹೇಳಿ ಹೋದರು.

ಆ ಭಾನುವಾರ ಅವರ ಮನೆಯಲ್ಲಿ ಊಟ. ನಮ್ಮ ದೋಸೆಯ ದೊಡ್ಡಣ್ಣನಂತಿರುವ ಇಂಜೆರಾ ಮೇಲೆ ಲಾಯೋಶನ ಕೆಂಪು ಮೆಣಸಿನ ಬೀನ್ಸ್ ಕಾಳಿನ ಸೂಪು ಸುರಿದುಕೊಂಡು ತಿಂದರು. ಅದನ್ನು ನೋಡಿದ್ದರೆ ಎರಿಟ್ರಿಯಾವೂ ಹಂಗೇರಿಯೂ ಒಟ್ಟಿಗೇ ರಾಯಭಾರಿಗಳನ್ನು ವಾಪಸು ಕರೆಸಿಕೊಳ್ಳುತ್ತಿದ್ದವು. ಸೆಮ್ಹಾರ್ ಕಾಫಿ ಬೀಜ ಹುರಿದು, ತನ್ನ ನಾಡಿನ ಪದ್ಧತಿಯಂತೆ ಹೊಗೆಯನ್ನು ಎಲ್ಲರ ಮೂಗಿನ ಕೆಳಗೂ ಹಿಡಿದಳು. ನೆವೆಂಕಾ ಮೂರನೆಯ ಇಂಜೆರಾಕ್ಕೆ ಕೈ ಹಾಕಿದ್ದಳು. ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ, ಕಂಪಾಲಾದ ಬಲ್ಬಿನ ಕೆಳಗೆ ಕೂತ ಕಿಬ್ರೋಮ್ ಅತ್ತು ಮುಗಿಸಿ, ನಕ್ಕು ಮುಗಿಸಿ, ಈಗ ಮತ್ತೆ ಗಂಭೀರನಾಗಿದ್ದ.

“ಅಕ್ಕಾ, ನಿಮ್ಮಿಂದ ನನ್ ಹೆಂಡ್ತಿ ನನಗೆ ಉಳಿದ್ಲು. ಮಾಮನೂ ಉಳಿದ್ರು. ಆದ್ರೆ ಒಂದು ಗೊತ್ತಾಗ್ಲಿಲ್ಲ. ನಾನಿಲ್ದಾಗ ಅವಳಿಗೆ ಸೂಪು ಕೊಟ್ಟೋರು ಇವ್ರು, ಎತ್ತಿ ಕೂರಿಸ್ದೋರು ಇವ್ರು. ಇವ್ರಿಗೆ ಮಾತ್ರೆ ನುಂಗಿಸೋಳು ಅವಳು. ಗಂಡ-ಹೆಂಡತಿ ಅಲ್ಲ ಅಂತಾಯ್ತು, ಸರಿ. ಹಾಗಾದ್ರೆ ಈಗ ಕಾನೂನು ಪ್ರಕಾರ ಇವ್ರಿಬ್ರೂ ಒಬ್ಬರಿಗೊಬ್ರು ಏನಾಗ್ಬೇಕು? ಅಪ್ಪ-ಮಗಳಾ? ಅಣ್ಣ-ತಂಗಿಯಾ? ಸ್ನೇಹಿತರಾ? ಏನಂತ ಕರೀತದೆ ಇದನ್ನ ಕಾನೂನು?”

ಲಾಯೋಶ್ ಚಮಚ ಕೆಳಗಿಟ್ಟ. ಸೆಮ್ಹಾರ್ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿ ನೆವೆಂಕಾಳನ್ನೇ ನೋಡಿದಳು. ಒಂದು ಒಳ್ಳೆಯ ಹೆಸರು ಈಗ ಬಂದೇ ಬರುತ್ತದೆಂದು ಮೂವರೂ ಉಸಿರು ಹಿಡಿದಿದ್ದರು.

ನೆವೆಂಕಾ ಬಾಯಲ್ಲಿದ್ದದ್ದನ್ನು ನುಂಗಿ, ಬೆರಳು ನೆಕ್ಕಿಕೊಂಡಳು.

“ಏನೂ ಆಗಲ್ಲಪ್ಪ,” ಎಂದಳು. “ಒಬ್ಬರಿಗೊಬ್ರು ಏನೂ ಅಲ್ಲ. ಅದನ್ನ ಬರೆಸ್ಕೊಳ್ಳೋಕೇ ತಾನೇ ನಾನು ಇಷ್ಟು ಒದ್ದಾಡಿದ್ದು.”